ಎಂಟು ಸೂತ್ ಸೇರಿದರೆ ಒಂದು ಇಂಚು

ಮಗಳನ್ನು ಆರನೇ ತರಗತಿಯ ನಡುವೆಯೇ ಶಾಲೆಯಿಂದ ಬಿಡಿಸಿದೆವು. ಗಣಿತದ ಪೀರಿಯಡ್ ಎಂದರೆ ಅವಳಿಗೆ ಹೊಟ್ಟೆನೋವು ಬರುತ್ತಿತ್ತು. "ಡೊಂಬಿವಲಿಯಲ್ಲಿ ಬೇರೆ ಶಾಲೆ ಇಲ್ವಾ?" ಎಂದು ಉಡುಪಿಯ ನೆಂಟರೆಲ್ಲ ಕೇಳಿದರು. ನಾನು ಅವರೊಡನೆ ವಾದಕ್ಕೆ ಇಳಿಯಲಿಲ್ಲ. ನಮ್ಮಂತೆಯೇ ಮಕ್ಕಳನ್ನು ಮನೆಯಲ್ಲಿ, ಅವರಿಗೆ ಬೇಕಾದ ಹಾಗೆ ಕಲಿಯಲು ಬಿಟ್ಟವರನ್ನು ಹುಡುಕಿದೆ. ಮುಂಬೈ ಬದಿಯಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಹತ್ತಿಪ್ಪತ್ತು ಮನೆಗಳು ಸಿಕ್ಕವು. ಫೋನಿನಲ್ಲಿ ಒಂದು ಗ್ರೂಪ್ ಆಯಿತು.

ಆ ಗ್ರೂಪಿಗೆ ಪಾಠ ಹುಡುಕಿ ಕೊಡುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ಇಂಟರ್ನೆಟ್‌ನಲ್ಲಿ ಬಿಟ್ಟಿ ಸಿಗುವ ವಿಡಿಯೊ, ಪುಸ್ತಕ, ಲೆಕ್ಕದ ಆಟ, ಎಲ್ಲವನ್ನೂ ವಿಷಯವಾರು ಜೋಡಿಸಿ ಉದ್ದದ ಪಟ್ಟಿ ಮಾಡಿದ್ದೆ. ಅದರ ಬಗ್ಗೆ ನನಗೆ ಸಣ್ಣ ಜಂಬವೂ ಇತ್ತು.

ನನ್ನ ಬ್ಲೌಸ್ ಹೊಲಿಯುತ್ತಿದ್ದಾಕೆ ವಿಜಯಪುರದ ಕಡೆಯವಳು. ಗಂಡ ತುರ್ಭೆಯ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಠಾಣೆಯ ಪಕ್ಕದ ಕಳವಾ ಎಂಬಲ್ಲಿದ್ದ ಅವರ ಒಂದೇ ಕೋಣೆಯಲ್ಲಿ ಹೊಲಿಗೆ ಮಷಿನ್ನಿನ ಪಕ್ಕ ಹದಿನಾಲ್ಕರ ಮಗಳು ಬಟ್ಟೆ ಕತ್ತರಿಸುತ್ತಿದ್ದಳು. ಕನ್ನಡ ಶಾಲೆಯಲ್ಲಿ ಎರಡು ವರ್ಷ, ಮರಾಠಿಯಲ್ಲಿ ಒಂದು, ಹಿಂದಿಯಲ್ಲಿ ಮೂರು. ಅಪ್ಪನ ಕೆಲಸ ಹೋದಲ್ಲೆಲ್ಲ ಅವಳ ಶಾಲೆ ಬದಲಾಗಿ, ಕೊನೆಗೆ ನಿಂತೇ ಹೋಗಿತ್ತು. ನಾನು ಅಲ್ಲೇ ನನ್ನ ಪಟ್ಟಿಯನ್ನು ಅವರ ಫೋನಿಗೆ ಕಳಿಸಿ, ದೊಡ್ಡ ಉಪಕಾರ ಮಾಡಿದವಳಂತೆ ಮನೆಗೆ ಬಂದೆ.

ಎರಡು ವಾರ ಬಿಟ್ಟು ಬ್ಲೌಸ್ ತರಲು ಮಗಳೊಂದಿಗೆ ಹೋದಾಗ ಕೇಳಿದೆ, "ಪಾಠ ಹೇಗುಂಟು? ನೋಡಿದ್ಯಾ?"

ಹುಡುಗಿ ತಾಯಿಯತ್ತ ನೋಡಿದಳು. ತಾಯಿಯೇ ಹೇಳಿದಳು: "ಬ್ಯಾಸರಾ ಮಾಡ್ಕೋಬ್ಯಾಡ್ರಿ ಅಕ್ಕಾರ. ಇರೋದ್ ಒಂದ ಫೋನು. ಅದನ್ನ ಇವರಪ್ಪ ತುರ್ಭೆಗೆ ಒಯ್ತಾರ. ಮತ್ತ ಅದ್ರಾಗ ಎಲ್ಲಾ ಇಂಗ್ಲಿಷ್ ಐತಿ. ನಾವು ಯಾವುದು ಒತ್ತಬೇಕು?"

ಅಷ್ಟು ದಿನ ನಾನು ಹಂಚಿದ್ದು ಪಾಠವನ್ನಲ್ಲ, ಬರೀ ವಿಳಾಸಗಳನ್ನು.

ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ಟ್ಯಾಬ್ ಇತ್ತು. ನಾನು ಆರಿಸಿದ ಗಣಿತದ ಹತ್ತು ವಿಡಿಯೊಗಳನ್ನು ಮಗಳು ಕೂತು ಅದರಲ್ಲಿ ತುಂಬಿಸಿದಳು. ಶನಿವಾರ ಇಬ್ಬರೂ ಕಳವಾಕ್ಕೆ ಹೋಗಿ, ಅವರ ನೆಲದ ಮೇಲೆ ಕೂತು, ಪ್ರತಿಯೊಂದು ಮಾತನ್ನೂ ಹಿಂದಿಯಲ್ಲಿ, ಕನ್ನಡದಲ್ಲಿ ಬಿಡಿಸಿ ಹೇಳತೊಡಗಿದೆವು. ಮೊದಲನೆಯದು ಭಿನ್ನರಾಶಿ. ವಿಡಿಯೊದಲ್ಲಿ ಪಿಜ್ಜಾವನ್ನು ಎಂಟು ತುಂಡು ಮಾಡುತ್ತಿದ್ದರು. ಹುಡುಗಿ ಸ್ವಲ್ಪ ಹೊತ್ತು ನೋಡಿ ನಕ್ಕಳು.

"ಆಂಟಿ, ಇಷ್ಟಕ್ಕ ಇದೆಲ್ಲಾ ಯಾಕ? ಇದು ಸೂತ್ ಅಲ್ಲೇನ್ರಿ?"

ಕೊರಳಲ್ಲಿದ್ದ ಟೇಪು ತೆಗೆದು ನೆಲದ ಮೇಲೆ ಹಾಸಿದಳು. ಇಂಚಿನ ಒಳಗಿನ ಸಣ್ಣ ಗೆರೆಗಳ ಮೇಲೆ ಉಗುರು ಓಡಿಸಿದಳು. "ಎಂಟು ಸೂತ್ ಕೂಡಿದ್ರ ಒಂದ್ ಇಂಚು. ಎರಡು ಸೂತ್ ಅಂದ್ರ ಪಾವ್, ಕಾಲು ಇಂಚು. ನಾಕು ಸೂತ್ ಅಂದ್ರ ಅರ್ಧ. ಪಾವಿಗೆ ಒಂದ್ ಸೂತ್ ಕೂಡಿಸಿದ್ರ ಮೂರು ಸೂತ್, ಎಂಟರಾಗ ಮೂರು." ಹಳೆಯ ಪೇಪರಿನ ಮೇಲೆ ಚಾಕ್‌ನಿಂದ ಗೆರೆ ಎಳೆದು ಕತ್ತರಿಸಿ ತುಂಡುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದಳು.

ನನ್ನ ಮಗಳು ಆ ತುಂಡುಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ತಾನೇ ಜೋಡಿಸಿದಳು. ಕೆಡಿಸಿದಳು. ಮತ್ತೆ ಜೋಡಿಸಿ ಕೂಗಿದಳು: "ಅಮ್ಮಾ, ಸಮಝ್ ಮೇಂ ಆಯಾ, ಅರ್ಥ ಆಯ್ತು! ಇಷ್ಟೇನಾ ಇದು?"

ಇಷ್ಟು ವರ್ಷ ಈ ಲೆಕ್ಕಕ್ಕಾಗಿ ಅವಳು ಅತ್ತದ್ದು ನನಗೆ ಗೊತ್ತು. ನಾನು ಎದ್ದು ಬಾಗಿಲ ಹೊರಗೆ ಹೋಗಿ ಕಣ್ಣೊರೆಸಿಕೊಂಡು ಬಂದೆ.

ಮುಂದಿನ ಶನಿವಾರ ಆ ಪಾಠವನ್ನು ಮಗಳೇ ಫೋನಿನಲ್ಲಿ ವಿಡಿಯೊ ಮಾಡಿದಳು. ಹುಡುಗಿಯ ಕೈಗಳು, ಟೇಪು, ಅರ್ಧ ಹಿಂದಿ ಅರ್ಧ ಕನ್ನಡದ ಮಾತು, ಹಿಂದೆ ಮಷಿನ್ನಿನ ಸದ್ದು. ಗ್ರೂಪಿಗೆ ಹಾಕುವಾಗ ನನಗೆ ಅಳುಕಿತ್ತು. ಸಂಜೆಯೊಳಗೆ ಉತ್ತರಗಳು ಬಂದವು. "ನಮ್ಮ ಮಗ ಮೂರು ಸಲ ನೋಡಿದ", "ಇನ್ನೊಂದು ಕಳಿಸಿ", "ಈ ಟೀಚರ್ ಯಾರು?" ಎಂದು. ಅದನ್ನು ಓದಿ ಹೇಳಿದಾಗ ಹುಡುಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ಆಮೇಲೆ ಪಾಠಗಳು ಎರಡೂ ದಿಕ್ಕಿಗೆ ಹರಿದವು. ನನ್ನ ಮಗಳು ಇಂಗ್ಲಿಷ್ ಕಲಿಸಿದಳು, ಅವಳು ಗಣಿತ. ಗ್ರೂಪಿನ ಬೇರೆ ಮಕ್ಕಳೂ ತಮ್ಮ ತಮ್ಮ ಭಾಷೆಯಲ್ಲಿ ವಿಡಿಯೊ ಮಾಡಿ ಕಳಿಸಿದರು. ನನ್ನ ಉದ್ದದ ಪಟ್ಟಿ ಸಣ್ಣದಾಯಿತು. ಆದರೆ ಈಗ ಅದರಲ್ಲಿ ಉಳಿದದ್ದನ್ನು ಮಕ್ಕಳು ನಿಜವಾಗಿಯೂ ನೋಡುತ್ತಿದ್ದರು. ಮೂರು ವರ್ಷ ಕಳೆದ ಮೇಲೆ ಇಬ್ಬರೂ ಮುಕ್ತ ಶಾಲೆಯ ಹತ್ತನೇ ತರಗತಿ ಪರೀಕ್ಷೆಗೆ ಕೂತರು.

ಫಲಿತಾಂಶ ಬಂದ ದಿನ ನಾವು ಅವರ ಆ ಕೋಣೆಯಲ್ಲೇ ಇದ್ದೆವು. ಇಬ್ಬರೂ ಪಾಸು. ಗಣಿತದಲ್ಲಿ ಆ ಹುಡುಗಿಗೆ ನನ್ನ ಮಗಳಿಗಿಂತ ಹೆಚ್ಚು.

"ಇನ್ನೊಮ್ಮೆ ಓದ್ರಿ ಅಕ್ಕಾರ," ಎಂದಳು ತಾಯಿ. ಓದಿದೆ. "ಹೆಸರು ಹಿಡದು ಓದ್ರಿ." ಹೆಸರು ಹಿಡಿದು ಓದಿದೆ. ಅವಳು ಹೊಲಿಯುತ್ತಿದ್ದ ಬ್ಲೌಸನ್ನು ಮಷಿನ್ನಿನಲ್ಲೇ ಬಿಟ್ಟು, ಚಪ್ಪಲಿಯನ್ನೂ ಹಾಕಿಕೊಳ್ಳದೆ ಓಣಿಗೆ ಇಳಿದಳು. ಒಂದೊಂದೇ ಬಾಗಿಲು ಬಡಿದು, "ನಮ್ಮ ಹುಡುಗಿ ಹತ್ತನೆತ್ತಾ ಪಾಸಾದ್ಲರೀ!" ಎಂದು ಕನ್ನಡದಲ್ಲೇ ಸಾರುತ್ತಾ ಹೋದಳು. ಕನ್ನಡ ತಿಳಿಯದವರಿಗೆ ತಿಳಿಯಲೆಂದು ನನ್ನ ಮಗಳು ಅವಳ ಹಿಂದೆಯೇ ಓಡಿ, ನಾವಿಬ್ಬರೂ ಪಾಸೆಂದು ಮರಾಠಿಯಲ್ಲಿ ಕೂಗುತ್ತಿದ್ದಳು: "ಪಾಸ್ ಝಾಲೀ! ಆಮ್ಹೀ ದೋಘೀ ಪಾಸ್!"