ನನ್ನ ತುಟಿ, ಮಾಮನ ಕಿವಿ

ನನ್ನ ಸೋದರಮಾವನ ಬಲ ಅಂಗೈ ಸದಾ ಬೆಳ್ಳಗಿರುತ್ತಿತ್ತು. ತಲೆಸುತ್ತಿನ ಮನುಷ್ಯ, ಸಿರುಗುಪ್ಪದ ನಮ್ಮ ಓಣಿಯ ಗೋಡೆಗಳನ್ನು ಸವರಿಕೊಂಡೇ ನಡೆಯುತ್ತಿದ್ದ, ಸುಣ್ಣವೆಲ್ಲ ಅವನ ಕೈಗೆ. "ಬಂದ ನೋಡ್ರಿ, ಗ್ವಾಡಿ ಒರಸಾಂವ" ಎಂದು ಹೆಂಗಸರು ನಗುತ್ತಿದ್ದರು. ಗೊತ್ತಿಲ್ಲದವರು ಕುಡುಕನೆಂದರು. ಮಾಮ ಚಹಾ ಬಿಟ್ಟು ಬೇರೇನೂ ಕುಡಿದವನಲ್ಲ.

ಅರವತ್ತೈದರ ಯುದ್ಧದಲ್ಲಿ ಫಿರಂಗಿಯ ಪಕ್ಕ ನಿಂತು ಎರಡೂ ಕಿವಿ ಕಳೆದುಕೊಂಡು, ತಲೆಸುತ್ತು ಅಂಟಿಸಿಕೊಂಡು ಬಂದಿದ್ದ. ಸಂತೆಯಿರಲಿ, ಕುರುಗೋಡಿನ ಬೀಗರ ಮನೆಯಿರಲಿ, ನಾನು ಎದುರು ನಿಂತು ಉಳಿದವರ ಮಾತನ್ನು ಸದ್ದಿಲ್ಲದೆ ತುಟಿಯಲ್ಲೇ ಆಡುತ್ತಿದ್ದೆ. ಅವನು ಅದನ್ನು ಓದಿ ಥಟ್ಟನೆ ಉತ್ತರ ಕೊಡುತ್ತಿದ್ದ. "ಈಕಿ ನನ್ನ ರೇಡಿಯೊ" ಎನ್ನುತ್ತಿದ್ದ. ನನಗೂ ಜಂಬ.

ರೈಸ್ ಮಿಲ್ಲಿನಲ್ಲಿ ಮೂಟೆ ಹೊರುವಾಗ ತಲೆ ತಿರುಗಿ ಬಿದ್ದ ಮೇಲೆ, ಮಾಜಿ ಸೈನಿಕರ ಅಂಗವಿಕಲ ಪಿಂಚಣಿಗೆ ಅರ್ಜಿ ಹಾಕಿಸಿದೆವು. ಬಳ್ಳಾರಿಯಲ್ಲಿ ಕಿವಿಯ ಪರೀಕ್ಷೆ. ಮಾಮನ ಎದುರಿನ ಬೆಂಚಿನಲ್ಲಿ ನಾನು ಕುಳಿತೆ. ಡಾಕ್ಟರು ಅವನ ಬೆನ್ನ ಹಿಂದೆ ನಿಂತು, ಕಾಗದ ನೋಡುತ್ತ ಮೆಲ್ಲಗೆ ಕೇಳಿದರು:

"ಚಹಾ ಕುಡಿತೀಯೇನಪ್ಪಾ?"

"ಕುಡಿತೀನಿ. ಸಕ್ಕರಿ ಜಾಸ್ತಿ ಇರ್ಲಿ."

"ಬಸ್ಸಿಗೆ ಹೊತ್ತಾಯಿತೇನು?"

"ಇನ್ನೂ ಟೈಮ್ ಐತಿ."

"ಕಿವಿ ಚೆನ್ನಾಗೇ ಇದೆಯಲ್ಲ!" ಡಾಕ್ಟರು ನಕ್ಕು ಬರೆದುಕೊಂಡರು.

ಆಗಲೇ ನನಗೆ ಹೊಳೆದದ್ದು. ರೂಢಿಬಲದಿಂದ ನನ್ನ ತುಟಿ ಆ ಪ್ರಶ್ನೆಗಳನ್ನು ಆಡಿಬಿಟ್ಟಿತ್ತು. ಕೇಳಿದ್ದು ನಾನೇ ಎಂದು ಮಾಮ ಉತ್ತರಿಸಿದ್ದ. ಅಲ್ಲಿಯೇ ಹೇಳಬೇಕಿತ್ತು. ಬೈದಾರೆಂದು ಹೆದರಿ ಸುಮ್ಮನಾದೆ.

ಅರ್ಜಿ ತಿರಸ್ಕಾರವಾಯಿತು. ಮಾಮ ಕೆಂಡವಾದ. "ಪರೀಕ್ಷಾನ ಮಾಡ್ಲಿಲ್ಲ, ಸುಮ್ಮ ಬರಕೊಂಡಾರ! ನೀನ ಇದ್ದೆಲ್ಲವ್ವಾ, ಅವರು ಒಂದು ಮಾತರ ಕೇಳಿದ್ರೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ನಿಜ ಹೇಳಿದ್ದರೆ ಇನ್ನೊಮ್ಮೆ ಪರೀಕ್ಷೆಗೆ ಕೇಳಬಹುದಿತ್ತೇನೋ. "ಮುಖ ನೋಡಿ ಮಣಿ ಹಾಕ್ತಾರ, ಬಿಡು" ಎಂದು ಮಾಮ ಮತ್ತೆ ಮಿಲ್ಲಿಗೆ ಹೋದ.

ಕೆಲವು ವರ್ಷಗಳ ನಂತರ, ಮೂಟೆಯೊಡನೆ ಮಿಲ್ಲಿನ ಮೆಟ್ಟಿಲಿಂದ ಉರುಳಿದವನು ಹಾಸಿಗೆ ಬಿಟ್ಟು ಮತ್ತೆ ಏಳಲಿಲ್ಲ. ಅವನ ಕೊನೆಯ ದಿನ ನಾನು ಹಾಸಿಗೆಯ ಬಳಿ ಕುಳಿತು, ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತ ಹೇಳಿದೆ. "ತಪ್ಪಾತು ಮಾಮ. ಡಾಕ್ಟರು ಕೇಳಿದ್ರು. ನಾನ ನಿನಗ ಮುಟ್ಟಿಸಿದೆ."

ಅವನ ಕಣ್ಣು ನನ್ನ ಮುಖವನ್ನೆಲ್ಲ ಹುಡುಕಾಡಿತು.

"ಸೆರಗು ತಗಿಯವ್ವಾ," ಎಂದ, "ಕೇಳಸವಲ್ದು."

ನಾನು ತೆಗೆಯಲಿಲ್ಲ.