ಬಿಡಿಸದೆ ಉಳಿದ ಮೊಗ್ಗು

ಮೊದಲು ನೋಡಿದ್ದು ನನ್ನ ಮಗಳು ನಾಗವೇಣಿ.

ಹೆಬಳೆಯ ನಮ್ಮ ಮನೆಯ ಜಗಲಿಯಲ್ಲಿ ಕೂತು ಮಲ್ಲಿಗೆ ಕಟ್ಟುತ್ತಿದ್ದೆ. ಹಿತ್ತಲಿನ ತುಂಬ ನಮ್ಮದೇ ಗಿಡಗಳು. ಬೆಳಕು ಹರಿಯುವಾಗ ಮೊಗ್ಗು ಬಿಡಿಸಿ, ಬಾಳೆ ನಾರಿನಲ್ಲಿ ಕಟ್ಟಿ, ಭಟ್ಕಳದ ಪೇಟೆಗೆ ಕಳಿಸುವುದು ನಾನು ಮದುವೆಯಾಗಿ ಬಂದಂದಿನಿಂದ ಮಾಡಿಕೊಂಡು ಬಂದ ಕೆಲಸ. ನಾಗವೇಣಿ ಬಸುರಿ. ಮಾವಳ್ಳಿಯ ಗಂಡನ ಮನೆಯಿಂದ ನಾಲ್ಕು ದಿನ ಇದ್ದು ಹೋಗಲು ಬಂದಿದ್ದಳು. ಚಾ ಲೋಟ ಹಿಡಿದು ಬಂದವಳು ಅಲ್ಲೇ ನಿಂತಳು.

"ಅಮಾ, ಹೂವಿಗೆ ಎಂತ ಆತು? ಕೆಂಪು ಕಾಣ್ತದೆ!"

ನೋಡಿದೆ. ಬಿಳಿ ಮೊಗ್ಗಿನ ಮೇಲೆ ರಕ್ತ. ನಾರನ್ನು ಬಿಗಿಯಾಗಿ ಹಿಡಿದುಕೊಳ್ಳುವ ಬಲಗೈ ಕಿರುಬೆರಳಿನ ಸಂದಿಯನ್ನು ನಾರು ಆಳವಾಗಿ ಕೊಯ್ದಿತ್ತು. ಅದು ಕೊಯ್ದು ಎಷ್ಟು ಹೊತ್ತಾಗಿತ್ತೋ.

ನೋವೇ ಇರಲಿಲ್ಲ.

ಹೂ ಕಟ್ಟುವವರ ಬೆರಳು ಜೋಮು ಹಿಡಿಯುವುದು ನಮ್ಮೂರಲ್ಲಿ ಹೊಸತಲ್ಲ. ನೆನೆಸಿದ ನಾರು, ಮುಂಜಾನೆಯ ತಂಡಿ, ಗಂಟೆಗಟ್ಟಲೆ ಒಂದೇ ಭಂಗಿ. ಇದಕ್ಕೆಲ್ಲ ಯಾರೂ ಡಾಕ್ಟರ ಹತ್ತಿರ ಹೋಗುವುದಿಲ್ಲ, ತೆಂಗಿನೆಣ್ಣೆ ಬಿಸಿ ಮಾಡಿ ತಿಕ್ಕಿಕೊಂಡು ಮಲಗುತ್ತೇವೆ. ನಾನೂ ಎಷ್ಟೋ ತಿಂಗಳಿಂದ ತಿಕ್ಕುತ್ತಿದ್ದೆ. ಮೊಣಕೈಯ ಕೆಳಗೆ ಒಂದು ಮಸುಕು ಮಚ್ಚೆಯೂ ಇತ್ತು. ಬಾಳೆಯ ಕಲೆ ಹೋಗಲೆಂದು ತೆಂಗಿನ ನಾರಿನಲ್ಲಿ ಉಜ್ಜಿ ಉಜ್ಜಿ ಅಲ್ಲಿ ಚರ್ಮ ಮಾಸಿದೆ ಎಂದುಕೊಂಡಿದ್ದೆ. ನಾಗವೇಣಿ ಬಿಡಲಿಲ್ಲ. ಮರುದಿನವೇ ಕುಮಟಾದ ಚರ್ಮದ ಡಾಕ್ಟರ ಮುಂದೆ ಕೂರಿಸಿದಳು.

ವಯಸ್ಸಾದ, ಮೆಲ್ಲಗೆ ಮಾತಾಡುವ ಡಾಕ್ಟರು. ಹತ್ತಿಯ ಎಳೆಯೊಂದನ್ನು ಕೈಯಲ್ಲಿ ಹಿಡಿದು, "ಕಣ್ಣು ಮುಚ್ಚಿ. ನಾನು ಮುಟ್ಟಿದ ಜಾಗವನ್ನು ಬೆರಳಿಟ್ಟು ತೋರಿಸಿ" ಎಂದರು. ಕಣ್ಣು ಮುಚ್ಚಿದೆ. ಭುಜ ತೋರಿಸಿದೆ, ಹೆಬ್ಬೆರಳು ತೋರಿಸಿದೆ. ಆಮೇಲೆ ಅವರು ಸುಮ್ಮನಾದರು. ಫೋನ್ ಬಂತೇನೋ ಎಂದು ನಾನು ಕಾದೆ.

"ಕಣ್ಣು ಬಿಡಿ" ಎಂದರು.

"ಯಾಕೆ ಡಾಕ್ಟ್ರೆ, ಇನ್ನು ಮುಟ್ಟೂದಿಲ್ವ?"

"ಮುಟ್ಟಿ ಆಯಿತು."

ಪಕ್ಕದಲ್ಲಿದ್ದ ನಾಗವೇಣಿ ಅಳುತ್ತಿದ್ದಳು. ಅವಳು ಎಲ್ಲವನ್ನೂ ನೋಡಿದ್ದಳು. ಹತ್ತಿ ಆ ಮಚ್ಚೆಯ ಮೇಲೆ, ಉಂಗುರದ ಬೆರಳಿನ ಮೇಲೆ, ಕಿರುಬೆರಳಿನ ಮೇಲೆ ಮತ್ತೆ ಮತ್ತೆ ಓಡಾಡಿತ್ತು. ನನ್ನದೇ ಕೈಯ ಮೇಲೆ ಇಷ್ಟೆಲ್ಲ ನಡೆದದ್ದು ನನಗೆ ತಿಳಿದಿರಲಿಲ್ಲ.

ಡಾಕ್ಟರು ಮೊಣಕೈಯ ಹಿಂದೆ ಒತ್ತಿ, ಹಗ್ಗದ ಹಾಗೆ ದಪ್ಪಗಾಗಿದ್ದ ನರವೊಂದನ್ನು ನನ್ನ ಇನ್ನೊಂದು ಕೈಯಿಂದ ಮುಟ್ಟಿಸಿದರು. ಬಯಾಪ್ಸಿ ಮಾಡಿಸಿದರು. ರಿಪೋರ್ಟ್ ಬಂದ ಮೇಲೆ ಹೆಸರು ಹೇಳಿದರು.

ಲೆಪ್ರಸಿ.

ನಮ್ಮ ಕಡೆ ಆ ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ, ಬಯ್ಯುವಾಗ ಮಾತ್ರ ಹೇಳುತ್ತಾರೆ. ಡಾಕ್ಟರು ಅದನ್ನು ನೆಗಡಿಯ ಹೆಸರಿನಂತೆ ಹೇಳಿದರು. ಗುಣವಾಗುತ್ತದೆ, ಮಾತ್ರೆ ಶುರುಮಾಡಿದ ಮೇಲೆ ನಿಮ್ಮಿಂದ ಯಾರಿಗೂ ಹರಡುವುದಿಲ್ಲ, ಬೆರಳಿನ ಸ್ಪರ್ಶ ಮಾತ್ರ ಮರಳಬಹುದು, ಮರಳದೆಯೂ ಇರಬಹುದು ಎಂದರು. ನಾನು ಕೇಳಿದ್ದು ಒಂದೇ.

"ಮಗಳಿಗೆ ಹೂ ಮುಡಿಸೂದು ಅದೆ. ನಾನು ಕಟ್ಟಬಹುದ?"

"ಧಾರಾಳವಾಗಿ ಕಟ್ಟಿ. ಬೆರಳಿಗೆ ಪಟ್ಟಿ ಸುತ್ತಿಕೊಂಡು, ನೋಡಿಕೊಂಡು ಕಟ್ಟಿ."

ನಮ್ಮಲ್ಲಿ ಏಳನೇ ತಿಂಗಳಲ್ಲಿ ಬಸುರಿಗೆ ಹೂ ಮುಡಿಸುತ್ತಾರೆ. ಹೂ ಬೆಳೆಯುವ ಮನೆಯಾದರೆ ಆ ಹೂವಿನ ಜಡೆ ತಾಯಿಯೇ ಕಟ್ಟಿದ್ದಾಗಬೇಕು. ಮಗಳು ಹುಟ್ಟಿದಾಗಿನಿಂದ ನಾನು ಮನಸ್ಸಿನಲ್ಲೇ ಕಟ್ಟುತ್ತಾ ಬಂದ ಜಡೆ ಅದು. ಡಾಕ್ಟರು ಕಟ್ಟಬಹುದು ಎಂದರು, ಸರಿ. ಆದರೆ ಈ ಕೈ ಕಟ್ಟಿದ್ದನ್ನು ಬೀಗತಿ ಪಾರ್ವತಿ ತನ್ನ ಸೊಸೆಯ ತಲೆಗೆ ಮುಡಿಯಲು ಬಿಡುತ್ತಾಳೆಯೇ? ಆ ತಲೆಯ ಕೆಳಗೆ, ಹೊಟ್ಟೆಯಲ್ಲಿ, ಅವಳ ಮೊಮ್ಮಗು ಇತ್ತು.

ಮಾತ್ರೆ ಶುರುವಾಯಿತು. ಮೂತ್ರ ಕೆಂಪಗೆ ಹೋಗುತ್ತದೆ ಎಂದು ಮೊದಲೇ ಹೇಳಿದ್ದರು, ನಾನು ಮರೆತು ಊರು ಒಂದಾಗುವಂತೆ ಕಿರುಚಿದೆ. ನನ್ನ ಗಂಡ ಮಾಸ್ತಪ್ಪ ಉಟ್ಟ ಟವೆಲ್ಲಿನಲ್ಲೇ ಓಡಿ ಬಂದರು. ವಿಷಯ ತಿಳಿದ ಮೇಲೆ ಇಬ್ಬರೂ ನಕ್ಕೆವು. ಕಾಯಿಲೆ ಬಂದ ಮೇಲೆ ನಾವು ನಕ್ಕದ್ದು ಅದೇ ಮೊದಲು. ಆಸ್ಪತ್ರೆಯವರು ಮನೆಯವರನ್ನೆಲ್ಲ ಪರೀಕ್ಷಿಸಿದರು, ಯಾರಿಗೂ ಏನೂ ಇರಲಿಲ್ಲ. ಅಂದು ನಾನು ದೇವರ ಮುಂದೆ ಕೂತು ಅತ್ತೆ.

"ಮಾವಳ್ಳಿಯವರಿಗೆ ಈಗ ಹೇಳೂದ್ ಬೇಡ" ಎಂದರು ಇವರು. "ಹೂ ಮುಡ್ಸಿ ಆಗ್ಲಿ. ಆಮೇಲೆ ನೋಡ್ವ."

"ಆಮೇಲೆ ಗೊತ್ತಾದ್ರೆ ಮಗಳನ್ನ ಎಂತ ಅಂತಾರೆ?"

ನಾನೇ ಪಾರ್ವತಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಆ ಕಡೆ ಮಿಕ್ಸಿ ತಿರುಗುವ ಸದ್ದು ನಿಂತಿತು. "ನಾ ನೋಡಿ ಹೇಳ್ತೆ" ಎಂದಳು. ಫೋನ್ ಇಟ್ಟಳು. ಆಮೇಲೆ ಅವಳಿಂದ ಮಾತಿಲ್ಲ.

ಪೇಟೆಯ ಹಾಲ್ ಬೇಡ, ಹಿತ್ತಲಲ್ಲೇ ಮಾಡೋಣ ಎಂದೆ. ಬರುವವರು ಬರಲಿ. ಅಲಂಕಾರಕ್ಕೆ ಕೈಯಲ್ಲೇ ಆಗುವಷ್ಟನ್ನು ಮಾಡತೊಡಗಿದೆವು. ಬೆರಳು ಮಡಚುವ, ಬಿಡಿಸುವ ವ್ಯಾಯಾಮ ಮಾಡಬೇಕೆಂದು ಆಸ್ಪತ್ರೆಯ ಫಿಸಿಯೋಥೆರಪಿಯವರು ಹೇಳಿದ್ದರು, ಹಾಗಾಗಿ ನಾನು ತೆಂಗಿನ ಎಳೆ ಗರಿಯಲ್ಲಿ ಗಿಳಿ ಹೆಣೆದೆ. ಮೊದಲಿನವು ಕಾಗೆಯೂ ಅಲ್ಲ, ಗಿಳಿಯೂ ಅಲ್ಲ. "ಇದು ಮೀನ" ಎಂದು ಇವರು ಗೇಲಿ ಮಾಡಿದರು. ಮಾವಳ್ಳಿಗೆ ಮರಳದೆ ನಮ್ಮಲ್ಲೇ ಉಳಿದಿದ್ದ ನಾಗವೇಣಿ ಬಣ್ಣದ ಕಾಗದ ಮಡಚಿ ಕತ್ತರಿಸಿ, ಚಪ್ಪರಕ್ಕೆ ತೂಗುಹಾಕುವ ಪರಪರಿ ಮಾಡಿದಳು. ಇವರು ಮಾವಿನೆಲೆಗಳನ್ನು ತೆಂಗಿನ ಕಡ್ಡಿಯಿಂದ ಚುಚ್ಚಿ ತೋರಣ ಕಟ್ಟಿದರು. ನನ್ನ ಹಳೆ ಸೀರೆಗಳೇ ಚಪ್ಪರದ ಮೇಲುಕಟ್ಟು.

ಹೂ ಮುಡಿಸುವ ದಿನ ಬೆಳಿಗ್ಗೆ ಜಡೆಗೆ ಬೇಕಾದಷ್ಟು ಮೊಗ್ಗನ್ನು ನಾಗವೇಣಿ ಬಿಡಿಸಿ ತಂದಳು. ಉಳಿದದ್ದನ್ನು ಇವರು ಬಿಡಿಸಿ ಪೇಟೆಗೆ ಕಳಿಸಿದ್ದಾರೆ ಎಂದು ನಾನು ತಿಳಿದಿದ್ದೆ, ನಾನು ಕಳಿಸಿದ್ದೇನೆ ಎಂದು ಇವರು ತಿಳಿದಿದ್ದರು. ಊಟದ ಹೊತ್ತಿಗೆ ನೋಡಿದರೆ ಇಡೀ ಹಿತ್ತಲಿನ ಮೊಗ್ಗು ಗಿಡದಲ್ಲೇ ಇದೆ! ಹಾಲು ಕರೆಯದೆ ಹಸುವನ್ನು ಬಿಟ್ಟಂತಾಯಿತು. ಪೇಟೆಯ ಟೆಂಪೋ ಹೋಗಿ ಎಷ್ಟೋ ಹೊತ್ತಾಗಿತ್ತು. ಇಬ್ಬರೂ ಒಬ್ಬರ ಮೇಲೊಬ್ಬರು ಹಾಕಿಕೊಂಡು ಜಗಳವಾಡಿದೆವು. ಉಳಿದ ಮೊಗ್ಗು ಸಂಜೆಗೆ ಅರಳುತ್ತದೆ, ಅಷ್ಟೇ. ನಮ್ಮ ಕಸುಬಿನಲ್ಲಿ ಅರಳಿತು ಅಂದರೆ ಹಾಳಾಯಿತು ಎಂದೇ ಅರ್ಥ.

ಜಡೆ ಕಟ್ಟಲು ಕೂತೆ. ಹಿಂದೆ ಕಣ್ಣು ಮುಚ್ಚಿಕೊಂಡು, ಹರಟುತ್ತಾ ಕಟ್ಟುತ್ತಿದ್ದವಳು ನಾನು. ಈಗ ನಾರು ಎಲ್ಲಿದೆ, ಬಿಗಿಯಿತೇ, ಸಡಿಲವೇ ಎಂದು ಕಿರುಬೆರಳು ಹೇಳುವುದಿಲ್ಲ. ಒಂದೊಂದು ಮೊಗ್ಗನ್ನೂ ನೋಡಬೇಕು. ನೋಡಿದೆ. ತೊಟ್ಟಿನ ತಿಳಿ ಹಸಿರು, ಒಂದರೊಳಗೊಂದು ಸುತ್ತಿಕೊಂಡ ಎಸಳು. ಇಷ್ಟು ವರ್ಷ ಸಾವಿರ ಸಾವಿರ ಮೊಗ್ಗು ಮುಟ್ಟಿದ್ದೆ, ಒಂದನ್ನೂ ನೋಡಿರಲಿಲ್ಲ. ಇಷ್ಟು ಚಂದದ್ದನ್ನು ಯಾರು ಸುತ್ತಿ ಇಟ್ಟರಪ್ಪ ಎಂದು ಬೆರಗಾಗಿ ಕಟ್ಟುವುದನ್ನೇ ಮರೆತು ಕೂತೆ.

ಸುದ್ದಿ ಹೇಗೋ ಊರೆಲ್ಲ ಹಬ್ಬಿತ್ತು, ಬಂದವರು ಕಡಿಮೆ. ಹೊನ್ನಾವರದ ನನ್ನ ತಂಗಿ ಬಾರದೆ ಗಂಡನನ್ನು ಮಾತ್ರ ಕಳಿಸಿದ್ದಳು. ನೆರೆಯವರಲ್ಲಿ ಕೆಲವರು ದೂರದ ಕುರ್ಚಿ ಹುಡುಕಿದರು. ಮಾವಳ್ಳಿಯಿಂದ ಯಾರೂ ಕಾಣಲಿಲ್ಲ. ನಾಗವೇಣಿ ಹಸಿರು ಸೀರೆ ಉಟ್ಟು ಗೇಟಿನ ಕಡೆ ನೋಡುತ್ತಾ ಕೂತಿದ್ದಳು.

ಹೊತ್ತು ಇಳಿಯುವಾಗ ರಿಕ್ಷಾ ಬಂತು. ಪಾರ್ವತಿ ಇಳಿದಳು. ಬಿಸಿಲಿಗೆ ಬಯ್ದಳು, ರಿಕ್ಷಾದವನಿಗೆ ಬಯ್ದಳು, ನೇರವಾಗಿ ನನ್ನ ಮುಂದೆ ಬಂದು ಹರಿವಾಣದಲ್ಲಿದ್ದ ಜಡೆಯನ್ನು ಎತ್ತಿ ಹಿಡಿದಳು.

"ಇದೆಂತದು? ಕೆಳಗೆಲ್ಲ ಸಡಿಲ. ತಲೆಗೆ ಇಟ್ರೆ ಉದುರ್ತದೆ."

"ಬೆರಳಿಗೆ ತಿಳೂದಿಲ್ಲ, ಪಾರ್ವತಿ."

"ನಾ ನಮ್ಮ ನರ್ಸಮ್ಮನ ಹತ್ರ ಎಲ್ಲ ಕೇಳ್ಕಂಡೇ ಬಂದೆ. ಬೆರಳಿಗೆ ತಿಳೂದಿಲ್ಲ, ಆತು. ಕಣ್ಣಿಗೆ ತಿಳೂದಿಲ್ವ? ಬಿಚ್ಚು. ಮತ್ತೆ ಕಟ್ಟು. ಮೊಗ್ಗು ನಾ ಕೊಡ್ತೆ."

ಎಲ್ಲರೆದುರು ಅವಳು ಚಾಪೆಯ ಮೇಲೆ ನನ್ನ ಮಂಡಿಗೆ ಮಂಡಿ ತಾಗಿಸಿ ಕೂತಳು. ಎರಡೆರಡೇ ಮೊಗ್ಗು ಜೋಡಿಸಿ ನನ್ನ ಬೆರಳ ನಡುವೆ ಇಡುತ್ತಾ ಹೋದಳು. ನಾರು ಜಾರಿದರೆ ಹಿಡಿದು ಬಿಗಿಸಿದಳು. ನನಗೆ ಕಣ್ಣು ಮಂಜಾಗಿ ಕಾಣದೆ ಹೋದಾಗ, "ಅತ್ರೆ ನಾರು ಸಿಕ್ಕಾಗ್ತದೆ" ಎಂದು ಗದರಿದಳು. ದೂರದ ಕುರ್ಚಿಗಳು ಒಂದೊಂದಾಗಿ ಹತ್ತಿರ ಬಂದವು.

ಬಿಗಿಯಾಗಿ ಕಟ್ಟಿದ್ದಕ್ಕೆ ಜಡೆ ಗಿಡ್ಡವಾಯಿತು. ಮೊಗ್ಗು ಸಾಲಲಿಲ್ಲ.

"ನಾ ತರ್ತೆ" ಎಂದು ನಾಗವೇಣಿ ಎದ್ದು ಚಪ್ಪರದ ಆಚೆ ಹೋದಳು. ಹೋದವಳು ಅಲ್ಲಿಂದಲೇ ಕರೆದಳು.

"ಅಮಾ, ಇಲ್ಲಿ ಬಾ."

ಹೋದೆ. ಎಲ್ಲರೂ ಬಂದರು.

ಹಿತ್ತಲು ಪೂರ್ತಿ ಅರಳಿತ್ತು.

ಪ್ರತಿ ಗಿಡ, ಪ್ರತಿ ಟೊಂಗೆ. ಮುಸ್ಸಂಜೆಯಲ್ಲಿ ನೆಲದಿಂದ ಎದೆಯೆತ್ತರದ ತನಕ ಬಿಳುಪು. ನಾವು ಅಷ್ಟು ದಿನ ಕತ್ತರಿಸಿ ಹೆಣೆದ ಪರಪರಿ, ಗಿಳಿ ಎಲ್ಲ ಮಕ್ಕಳಾಟದಂತೆ ಕಂಡವು. ಈ ಗಿಡಗಳನ್ನು ನೆಟ್ಟವಳು ನಾನು. ನೀರು, ಗೊಬ್ಬರ ಹಾಕಿದವಳು ನಾನು. ಆದರೆ ಇವು ಅರಳಿದ್ದನ್ನು ನನ್ನ ಜೀವಮಾನದಲ್ಲಿ ನೋಡಿರಲಿಲ್ಲ. ದಿನಾ ಅದಕ್ಕೆ ಮೊದಲೇ ಬಿಡಿಸುತ್ತಿದ್ದೆನಲ್ಲ. ಕಾಯಿಲೆ ಬರದಿದ್ದರೆ ಇದನ್ನು ಕಾಣದೆಯೇ ಹೋಗುತ್ತಿದ್ದೆ. ಕಾಯಿಲೆ ಬಂದದ್ದು ಒಳ್ಳೆಯದಾಯಿತು ಎಂದು ಹೇಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಆದರೂ ಕೈಮುಗಿದೆ. ಜಗಳಗಂಟ ಮಾಸ್ತಪ್ಪನವರೂ ಬಾಯಿ ತೆರೆದು ನಿಂತಿದ್ದರು.

ಜಡೆಯ ತುದಿಗೆ ಅರಳಿದ ಹೂವನ್ನೇ ಸೇರಿಸಿ ಕಟ್ಟಿದೆ. ಅಲ್ಲೇ, ಗಿಡಗಳ ನಡುವೆ ಕುರ್ಚಿ ಹಾಕಿ ಮಗಳಿಗೆ ಮುಡಿಸಿದೆವು. ಆರತಿ ಆಗುವಾಗ ಅವಳು "ಅಯ್ಯೋ" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮಗು ಒದೆಯುತ್ತಿತ್ತು.

ನಾನು ಹಿಂದೆ ಸರಿದೆ. ಪಾರ್ವತಿ ನನ್ನ ಬಲಗೈಯನ್ನು, ಪಟ್ಟಿ ಸುತ್ತಿದ ಅದೇ ಕೈಯನ್ನು, ಎಳೆದು ಸೊಸೆಯ ಹೊಟ್ಟೆಯ ಮೇಲೆ ಇಟ್ಟಳು. ಅದರ ಮೇಲೆ ತನ್ನ ಕೈ ಇಟ್ಟಳು.

"ಒದೀತು, ಈಗ ಒದೀತು! ತಿಳೀತ?"

ತಿಳಿದಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಕೂತಂತೆ ಕಣ್ಣು ಮುಚ್ಚಿದೆ. ಕಾದೆ. ಕಿರುಬೆರಳು ಸುಮ್ಮನಿತ್ತು. ಉಂಗುರದ ಬೆರಳು ಸುಮ್ಮನಿತ್ತು. ಸುತ್ತ ಮಲ್ಲಿಗೆಯ ಪರಿಮಳ.

ಆಮೇಲೆ, ಹೆಬ್ಬೆರಳಿನ ಬುಡದಲ್ಲಿ, ಒಳಗಿಂದ ಯಾರೋ ಮೆಲ್ಲಗೆ ಮುಟ್ಟಿದರು.

ಕಣ್ಣು ಬಿಡದೆ, ಎಡಗೈಯ ಬೆರಳಿಟ್ಟು ತೋರಿಸಿದೆ.

"ಇಲ್ಲಿ."