ಜಾಲಿ ಬೊಡ್ಡೆಯ ತಾಯಿಬೇರು

ಮರ ಕಡಿದ ಮೇಲೆ ಉಳಿದ ಜಾಲಿ ಬೊಡ್ಡೆ ಕೀಳುವುದರಲ್ಲಿ ಎಳೆಯುವ ಕೆಲಸ ಕಡಿಮೆ, ಅಗೆಯುವ ಕೆಲಸವೇ ಹೆಚ್ಚು. ಈಗ ಜೆಸಿಬಿ ಗಳಿಗೆಯಲ್ಲಿ ಮುಗಿಸುವುದಕ್ಕೆ ಆಗ ಎರಡು ದಿನ ಬೇಕಿತ್ತು. ತಿಪ್ಪಸಂದ್ರದ ಹತ್ತಿರದ ನಮ್ಮ ಹೊಲದಲ್ಲಿ ಬೊಡ್ಡೆಯ ಸುತ್ತ ಹಳ್ಳ ತೋಡಿ, ಪಕ್ಕದ ಬೇರು ಕಡಿದು, ಸರಪಳಿ ಬಿಗಿದು ಎತ್ತುಗಳಿಂದ ಜಗ್ಗಿಸುತ್ತಿದ್ದರು. ಬೊಡ್ಡೆ ಅಲುಗಿದ ಮೇಲೆ ಒಬ್ಬರು ಹಳ್ಳಕ್ಕಿಳಿದು ತಾಯಿಬೇರಿಗೆ ಕೊಡಲಿ ಹಾಕಬೇಕು. ಹಳ್ಳದಲ್ಲಿ ಆಳು ಇದ್ದಾಗ ಸರಪಳಿ ಬಿಚ್ಚಿರಬೇಕು. ಆ ಕಟ್ಟಳೆ ಮಾಡಿದವನು ಅಪ್ಪ. ಮುರಿದವನೂ ಅವನೇ.

ನಾನು ಆಗ ಕಾಲೇಜಿನ ರಜೆಯಲ್ಲಿದ್ದೆ. ಮಜ್ಜಿಗೆ ತಂದಿದ್ದ ಅವ್ವನ ಜೊತೆ ಬದುವಿನ ಮೇಲೆ ನಿಂತಿದ್ದೆ. ಎತ್ತು ಹಿಡಿದಿದ್ದವನು ಚಿಕ್ಕಪ್ಪ, ಹಳ್ಳಕ್ಕಿಳಿದಿದ್ದವನು ಅಪ್ಪ.

“ಅಣ್ಣ, ಸರಪಳಿ ಬಿಚ್ಚನಾ?”

“ಇನ್ನೆರಡೇಟು ಐತೆ ಕಣ್ಲಾ. ಬಿಚ್ಚಿ ಕಟ್ಟೋದ್ರೊಳಗೆ ಹೊತ್ತು ಮುಳುಗ್ತದೆ.”

“ಎದೆಮಟ್ಟ ತೋಡ್ಬುಟ್ಟು ಈಗ ಹೊತ್ತಿನ ಮಾತಾಡ್ತೀಯಲ್ಲ. ಬಾವಿಗೆ ಏಣಿ ತರ್ಲಾ?”

“ಬಿಚ್ಚಿದ್ರೆ ನಿಮ್ಮ ಗಂಟೇನು ಹೋದಾತು?” ಎಂದಳು ಅವ್ವ. ಅಪ್ಪ ಆಗಲೇ ಕೊಡಲಿ ಎತ್ತಿದ್ದ.

ಮುಂದಿನದು ನನಗೆ ಇಂದಿಗೂ ಅದೇ ಕ್ರಮದಲ್ಲಿ ಕಾಣುತ್ತದೆ. ಬೇರು ಟಪ್ಪೆಂದಿತು. ಅಲ್ಲಿಯವರೆಗೆ ಮೈಭಾರ ಹಾಕಿ ನಿಂತಿದ್ದ ಎತ್ತುಗಳು, ಎಳೆತ ಸಡಿಲವಾದದ್ದೇ, ಮುಂದಕ್ಕೆ ಧುಮುಕಿದವು. ಬೊಡ್ಡೆ ಮಗುಚಿತು. ಅದರ ಹಿಂಬದಿಯ ಮೊಂಡು ಬೇರು ಅಪ್ಪನ ಕಡೆಗೆ ಬೀಸಿ, ಹಳ್ಳದ ಅಂಚಿನ ಮಣ್ಣು ಕೆರೆದು, ಅವನ ತಲೆಯ ರುಮಾಲನ್ನು ಸಿಕ್ಕಿಸಿಕೊಂಡು ಹೋಯಿತು. ಹಳ್ಳದಲ್ಲಿ ಅಪ್ಪ ಕಾಣಲಿಲ್ಲ. ನಾನು ಓಡಲಿಲ್ಲ. ಅವ್ವ ಓಡಿದಳು.

ಅವನು ತಳದಲ್ಲಿ ಬೋರಲಾಗಿದ್ದ. ಮೈಮೇಲೆಲ್ಲ ಮಣ್ಣು, ಗಾಯ ಒಂದೂ ಇಲ್ಲ. ಊರವರು ದೇವರು ಕಾಪಾಡಿದ ಎಂದರು. ನನಗೆ ಅನುಮಾನವಿಲ್ಲ: ಕಾಪಾಡಿದ್ದು ಎದೆಮಟ್ಟದ ಹಳ್ಳ. ಮೊಣಕಾಲುಮಟ್ಟ ತೋಡಿದ್ದರೆ ಅವನಿಗೆ ಬಗ್ಗಲು ಜಾಗವಿರುತ್ತಿರಲಿಲ್ಲ.

ಅಪ್ಪ ಮೇಲೆ ಬಂದು ಚಿಕ್ಕಪ್ಪನಿಗೆ ಅದನ್ನೇ ಹೇಳಹೊರಟ. “ನೋಡ್ದಾ, ಹಳ್ಳ ಒಸಿ ಕಮ್ಮಿ ಇದ್ದಿದ್ರೆ—”

“ಹಳ್ಳದ ಮಾತು ಬುಡಿ. ಇನ್ಮೇಲೆ ಸರಪಳಿ ಬಿಚ್ಚೋ ಕೆಲಸ ನಂದು,” ಎಂದಳು ಅವ್ವ.

ಉಳಿದ ನಾಲ್ಕು ಬೊಡ್ಡೆಗೂ ಅಪ್ಪ ಇಳಿಯುವ ಮೊದಲೇ ಅವ್ವ ಸರಪಳಿ ಬಿಚ್ಚಿ, ಮಡಿಲಲ್ಲಿ ಹಾಕಿಕೊಂಡು ಕೂರುತ್ತಿದ್ದಳು. ಅವನು ಮೇಲೆ ಬಂದು ನಿಲ್ಲುವವರೆಗೆ ಯಾರು ಕೇಳಿದರೂ ಕೊಡುತ್ತಿರಲಿಲ್ಲ.